ಒಂದು ಶುಕ್ರವಾರದ ಉಪಚಾರ

ಕೊಲ್ಲಿ ದೇಶದ ಅಬು ಹಲೀಫಾದಲ್ಲಿದ್ದ ನಮ್ಮ ಮನೆಗೆ ಊರಿನಿಂದ ಯಾರೇ ಬರಲಿ, ಅವರ ಶುಕ್ರವಾರ ನನ್ನದು. ಬಿಸಿಲೇರುವ ಮೊದಲು ಕಡಲ ದಂಡೆಯಲ್ಲಿ ಗಾಳ ಹಾಕುವುದು, ಮಧ್ಯಾಹ್ನ ಊರಿನವರ ಹೋಟೆಲಿನಲ್ಲಿ ಊಟ.

ತೊಂಬತ್ತರ ಜುಲೈಯಲ್ಲಿ ಅಕ್ಕ ಬಂದಿದ್ದಳು. ಅವಳ ಮಗಳು ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬರುವವಳಿದ್ದಳು. ಹಾಗಾಗಿ ಆಗಸ್ಟ್ ಒಂದರ ಬುಧವಾರಕ್ಕೇ ಹೊರಡುವ ಟಿಕೆಟ್ ಇತ್ತು.

"ಎಂತ ಅವಸರ ಮಾರಾಯ್ತಿ? ಹೆರಿಗೆಗೆ ಇನ್ನೂ ಹದಿನೈದು ದಿನ ಉಂಟಲ್ಲ. ಈ ಶುಕ್ರವಾರ ಕಳೆದು ಹೋಗು."

"ನಿನ್ನ ಗಾಳಕ್ಕೆ ಮೀನು ಸಿಗುವವರೆಗೆ ನನ್ನ ಮೊಮ್ಮಗು ಕಾಯ್ತದಾ?" ಎಂದು ನಕ್ಕಳು.

ಹೊರಟ ನೆಂಟರನ್ನು ಒಮ್ಮೆಯಾದರೂ ತಡೆಯದಿದ್ದರೆ ನಮ್ಮಲ್ಲಿ ಅದು ಮರ್ಯಾದೆಯಲ್ಲ. ಬಾಯಿಮಾತಿಗೆ ತಡೆದಿದ್ದರೆ ಸಾಕಿತ್ತು. ನಾನು ಅವಳನ್ನು ಕೇಳದೆ ಟಿಕೆಟನ್ನು ಶನಿವಾರಕ್ಕೆ ಬದಲಿಸಿ ತಂದೆ.

ಗುರುವಾರ ಬೆಳಗಾಗುವಷ್ಟರಲ್ಲಿ ಇರಾಕಿನ ಸೈನ್ಯ ಬಂದಿತ್ತು. ವಿಮಾನ ನಿಲ್ದಾಣ ಮುಚ್ಚಿತು, ಊರಿಗೆ ಫೋನೂ ಹೋಗಲಿಲ್ಲ. ದಿನವೂ ಅಕ್ಕ ಬಟ್ಟೆ ತುಂಬಿದ ಪೆಟ್ಟಿಗೆಯ ಪಕ್ಕದಲ್ಲೇ ಕೂತಿರುತ್ತಿದ್ದಳು. ಕೊನೆಗೆ ಬಸ್ಸಿನಲ್ಲಿ ಮರುಭೂಮಿ ದಾಟಿ, ಜೋರ್ಡಾನಿನ ಡೇರೆಗಳಲ್ಲಿ ದಿನಗಟ್ಟಲೆ ಕಾದು, ಇಬ್ಬರೂ ಊರು ಮುಟ್ಟುವಾಗ ಮಗುವಿಗೆ ತಿಂಗಳು ತುಂಬಿತ್ತು. ಹೆರಿಗೆ, ಬಾಣಂತನ ಎಲ್ಲ ಗಂಡನ ಮನೆಯಲ್ಲೇ ಆಗಿತ್ತು.

"ಬೇಗ ಬಾ ಅಂತ ಕಾಗದ ಬರೆದಿದ್ದೆನಲ್ಲ ಅಮ್ಮ, ಒಂದು ವಾರ ಮೊದಲು ಹೊರಡ್ಲಿಕ್ಕೆ ಆಗ್ಲಿಲ್ವಾ?" ಎಂದು ಮಗಳು ಅತ್ತಳು.

"ಟಿಕೆಟ್ ಸಿಗ್ಲಿಲ್ಲ ಮಗಾ," ಎಂದಳು ಅಕ್ಕ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ಆ ಸುಳ್ಳಿನ ಮರೆಯಲ್ಲೇ ಸೋದರಮಾವನೆಂಬ ಗೌರವವನ್ನು ಇವತ್ತಿಗೂ ಪಡೆಯುತ್ತಿದ್ದೇನೆ.