ಬಲಗೈಗೊಂದು ಚಿನ್ನದ ವಾಚು

ಕರ್ರ್, ಕರ್ರ್, ಕರ್ರ್. ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ನನ್ನ ಬೆಳಗು ಈ ಸದ್ದಿನೊಂದಿಗೇ ಶುರುವಾಗುತ್ತಿತ್ತು. ಇವರು ಜಪ ಮುಗಿಸಿ, ಗೋಡೆಯ ಗೂಡಿನಿಂದ ವಾಚು ತೆಗೆದು, ಕಿಟಕಿಯ ಹತ್ತಿರ ನಿಂತು ಕೀ ಕೊಡುತ್ತಿದ್ದರು. ಎಡಗೈಯಲ್ಲಿ ವಾಚು, ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಆ ಪುಟ್ಟ ಕೀ. ಕೊಡುವಷ್ಟು ಕೊಟ್ಟು, ಕಿವಿಗೆ ಹಿಡಿದು ಕೇಳಿ, ಮಣಿಕಟ್ಟಿಗೆ ಕಟ್ಟಿದರೆ ಗಣಿತದ ಮಾಸ್ಟ್ರು ಶಾಲೆಗೆ ರೆಡಿ. ದೋಸೆ ಹೊಯ್ಯುತ್ತಿದ್ದ ನನಗೆ ಅದು ಕಾಫಿ ಸೋಸುವ ಬೆಲ್ಲು.

ಅದು ನನ್ನ ಅಪ್ಪ ಮದುವೆಯಲ್ಲಿ ಅಳಿಯನಿಗೆ ಕೊಟ್ಟ ಚಿನ್ನದ ವಾಚು. ಅಪ್ಪ ಸ್ವಲ್ಪ ಶೋಕಿಯವರು. ನನ್ನನ್ನು ಕಾನ್ವೆಂಟಿಗೆ ಸೇರಿಸಿದ್ದೂ ಅದೇ ಶೋಕಿಯಲ್ಲಿ ಎಂದು ಅಜ್ಜಿ ಗೊಣಗುತ್ತಿದ್ದರು. ಇವರದು ದೇವಸ್ಥಾನದ ಪೂಜೆಯ ಮನೆತನ. ಮಾಸ್ಟ್ರಾದರೂ ಅಣ್ಣತಮ್ಮಂದಿರ ಜೊತೆ ಪೂಜೆಯ ಸರದಿ ತಪ್ಪಿಸಿದವರಲ್ಲ. ಸರದಿಯ ದಿನ ವಾಚಿಗೆ ಒಳಗೆ ಎಂಟ್ರಿ ಇಲ್ಲ, ಚರ್ಮದ ಬೆಲ್ಟಲ್ಲವೇ? ಕೆರೆಯ ಮೆಟ್ಟಿಲ ಮೇಲೆ ಅಂಗಿಯೊಳಗೆ ಸುತ್ತಿಟ್ಟು ಸ್ನಾನಕ್ಕೆ ಇಳಿಯುತ್ತಿದ್ದರು. ಒಂದು ದಿನ ಮೇಲೆ ಬಂದು ನೋಡಿದರೆ ಅಂಗಿ ಇತ್ತು, ವಾಚು ಇರಲಿಲ್ಲ. ಆಮೇಲೆ ಬ್ಯಾಟರಿ ವಾಚು ಬಂತು. ಅದಕ್ಕೆ ಸದ್ದೂ ಇಲ್ಲ, ಬೆಳಗ್ಗೆ ಯಾರೂ ಮಾತಾಡಿಸಬೇಕಾಗಿಯೂ ಇಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಇವರಿಗೆ ಸ್ಟ್ರೋಕ್ ಆಯಿತು. ಬಲಭಾಗ. ಕಾಲು ನಿಧಾನಕ್ಕೆ ಮಾತು ಕೇಳಿತು. ಕೋಲು ಹಿಡಿದು ಹಾಲಿನಿಂದ ಜಗಲಿಯವರೆಗೆ ನಡೆಯುವಂತಾದರು. ಬಲಗೈ ಮಾತ್ರ ಯಾರೋ ನೆಂಟರು ಮರೆತು ಬಿಟ್ಟುಹೋದ ಚೀಲದಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಮಾತು ತುಂಡುತುಂಡಾಗಿ ಬರುತ್ತಿತ್ತು. ಮೊದಲು ಸ್ಪಷ್ಟವಾಗಿ ಬಂದದ್ದು ಮನೆಮಾತಾದ ತುಳುವಿನ ಒಂದೇ ಶಬ್ದ, "ಬೊಡ್ಚಿ." ಬೇಡ. ಗಂಜಿ ಬೊಡ್ಚಿ, ಟೀವಿ ಬೊಡ್ಚಿ, ನೋಡಲು ಬಂದ ಇವರ ತಮ್ಮನೂ ಬೊಡ್ಚಿ.

ತಮ್ಮ ಯಾಕೆ ಬೊಡ್ಚಿ ಎಂದು ನನಗೆ ಗೊತ್ತಿತ್ತು. ಅವನು ಊಟದ ಹೊತ್ತಿಗೆ ಬರುತ್ತಿದ್ದ. ಇವರು ಆಗ ಎಡಗೈಯಲ್ಲಿ ಸ್ಪೂನು ಹಿಡಿದು ಉಣ್ಣುತ್ತಿದ್ದರು. ದೇವರಿಗೆ ಆರತಿ ಎತ್ತಿದ ಬಲಗೈ ಸುಮ್ಮನೆ ಮಲಗಿರುವಾಗ ಎಡಗೈಯಲ್ಲಿ ಅನ್ನ ಬಾಯಿಗಿಡುವುದನ್ನು ಯಾರೂ ನೋಡಬಾರದು. ಬಡಿಸಿದ ಮೇಲೆ ನಾನೂ ಬಾಗಿಲು ಎಳೆದುಕೊಂಡು ಹೊರಗೆ ಕೂರಬೇಕು. ನಮ್ಮ ಮನೆಯಲ್ಲಿಯೇ ಇರುವ ಮಗಳು ಕಾಲೇಜಿನಲ್ಲಿ ಪಾಠ ಮಾಡುವವಳು, ಯಾರಿಗೂ ಹೆದರುವವಳಲ್ಲ. ಅವಳಿಗೂ ಆ ಬಾಗಿಲು ತಳ್ಳುವ ಧೈರ್ಯ ಬರಲಿಲ್ಲ.

ಫಿಸಿಯೋ ಮಾಡಿಸಲು ಕೂಳೂರಿನಿಂದ ಪಡೀಲಿನ ನಮ್ಮ ಮನೆಗೆ ಒಬ್ಬಳು ಬ್ಯಾರಿ ಮುಸ್ಲಿಂ ಹುಡುಗಿ ಸ್ಕೂಟರಿನಲ್ಲಿ ಬರುತ್ತಿದ್ದಳು. ಸ್ಕಾರ್ಫಿನ ಮೇಲೆ ಹೆಲ್ಮೆಟ್ಟು, ಬ್ಯಾಗಿನಲ್ಲಿ ರಬ್ಬರ್ ಚೆಂಡು, ಬಣ್ಣದ ಮಣಿ, ಬಟ್ಟೆ ಸಿಕ್ಕಿಸುವ ಕ್ಲಿಪ್ಪು. ಇವರು ಚೆಂಡನ್ನು ಎಡಗೈಯಿಂದ ತೆಗೆದು ಮಂಚದಡಿಗೆ ಉರುಳಿಸುತ್ತಿದ್ದರು.

"ಮಾಸ್ಟ್ರೇ, ನಿಮ್ಮ ಕ್ಲಾಸಲ್ಲಿ ಹೀಗೆ ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸ್ತಿದ್ರಂತೆ, ಹೌದಾ?" ಎಂದು ಅವಳು ಮಂಚದಡಿಗೆ ಬಗ್ಗಿ ಚೆಂಡು ತರುತ್ತಿದ್ದಳು.

ಒಂದು ದಿನ ಗೇಟಿನ ಹತ್ತಿರ ಸ್ವರ ತಗ್ಗಿಸಿ ಹೇಳಿದಳು. "ಆಂಟಿ, ಕೈ ಬರ್ತದೆ. ನರ ಎಲ್ಲ ಸತ್ತು ಹೋಗಿಲ್ಲ. ಆದ್ರೆ ಮಾಸ್ಟ್ರಿಗೆ ಮನಸ್ಸು ಬೇಕಲ್ಲ? ಮಾಡುವುದಿದ್ರೆ ಈಗಲೇ ಮಾಡ್ಬೇಕು. ಬಿಟ್ರೆ ಬೆರಳು ಹಾಗೆಯೇ ಮಡಚಿ ಗಟ್ಟಿ ಆಗಿ ಹೋಗ್ತದೆ."

"ಎಂತ ಮಾಡ್ಲಿ ಮಗಳೇ, ಅವರು ಎಲ್ಲದಕ್ಕೂ ಬೊಡ್ಚಿ."

"ಈ ಎರಡು ಬೆರಳು ಒಟ್ಟಿಗೆ ಹೀಗೆ ತಿರುಗಬೇಕು ನೋಡಿ," ಎಂದು ಅವಳು ಹೆಬ್ಬೆರಳು ತೋರುಬೆರಳು ಜೋಡಿಸಿ ಗಾಳಿಯಲ್ಲಿ ತಿರುಚಿ ತೋರಿಸಿದಳು. "ಇದು ಬಂದ್ರೆ ಅನ್ನ ಕಲಸ್ಲಿಕ್ಕೆ, ಬಟನ್ ಹಾಕ್ಲಿಕ್ಕೆ ಎಲ್ಲ ಬರ್ತದೆ."

ಆ ಬೆರಳುಗಳನ್ನು ನೋಡುತ್ತಿದ್ದಂತೆ ನನ್ನ ಕಿವಿಯೊಳಗೆ ಕರ್ರ್ ಎಂದಿತು.

ಹಂಪನಕಟ್ಟೆಯ ವಾಚಿನ ಅಂಗಡಿಗೆ ಹೋಗಿ ಕೀ ಕೊಡುವ ವಾಚು ಉಂಟಾ ಎಂದು ಕೇಳಿದೆ. ಅಂಗಡಿಯವರು ಪಾಪ ಮರ್ಯಾದೆಯಿಂದಲೇ ನಕ್ಕರು. "ಈಗ ಕೀ ಕೊಡ್ಲಿಕ್ಕೆ ಯಾರಿಗೆ ಪುರುಸೊತ್ತುಂಟು ಅಮ್ಮ? ಆನ್‌ಲೈನಲ್ಲಿ ಹಳೇದು ಹರಾಜಿಗೆ ಹಾಕ್ತಾರಂತೆ, ಅಲ್ಲಿ ನೋಡಿ."

ನೋಡಿದೆ. ಮಗಳ ಹಳೆಯ ಟ್ಯಾಬ್ಲೆಟ್ಟಿನಲ್ಲಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಮಧ್ಯಾಹ್ನವೆಲ್ಲ. ಪ್ರಪಂಚದಲ್ಲಿ ಇಷ್ಟೊಂದು ಗಂಡಸರು ಇಷ್ಟೊಂದು ವಾಚುಗಳನ್ನು ಬಿಟ್ಟು ಹೋಗಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಕೊನೆಗೊಂದು ಕಂಡಿತು. ದುಂಡಗೆ, ಬಿಳಿ ಹೋಗಿ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ ಡಯಲ್ಲು, ಅಂಚಿನಲ್ಲಿ ಚಿನ್ನ ಸವೆದು ಸವೆದು ಬೆಣ್ಣೆಯಂತೆ ನುಣುಪಾಗಿದೆ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು: ವಿಂಟೇಜ್, ಹೆವಿಲಿ ವೋರ್ನ್, ಹ್ಯಾಂಡ್ ವೈಂಡಿಂಗ್, ವರ್ಕಿಂಗ್. ಒಂದು ವರ್ಕಿಂಗ್ ಬಿಟ್ಟರೆ ಇವರ ಬಗ್ಗೆಯೇ ಬರೆದ ಹಾಗಿತ್ತು.

ಮಾರುವವನಿಗೆ ನಾನು, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ರೀತಿಯಲ್ಲಿ, "ಡಿಯರ್ ಸರ್, ಐ ಶಲ್ ಬಿ ಗ್ರೇಟ್‌ಫುಲ್" ಎಂದು ಆರಂಭಿಸಿ, ಕೀ ಸಲೀಸಾಗಿ ತಿರುಗುತ್ತದೆಯೇ, ಇದು ಒಬ್ಬ ಪೇಷೆಂಟಿಗಾಗಿ ಎಂದು ಉದ್ದಕ್ಕೆ ಬರೆದೆ. ಉತ್ತರ ಬಂತು: "ಲಿಟಲ್ ಟೈಟ್ ಮ್ಯಾಮ್." ಅಷ್ಟೇ. ಡಿಯರೂ ಇಲ್ಲ, ಯುವರ್ಸ್ ಸಿನ್ಸಿಯರ್ಲಿಯೂ ಇಲ್ಲ.

ಟೈಟ್ ಎಂದದ್ದಕ್ಕೆ ನನಗೆ ಅಳುಕಾಯಿತು. ಮಗಳಿಗೆ ಎಲ್ಲವೂ ಅಳುಕೇ. "ಅಮ್ಮ, ಫೋಟೋದಲ್ಲಿ ಚಿನ್ನ, ಡಬ್ಬಿ ಒಡೆದರೆ ಕಲ್ಲು ಇರ್ತದೆ ನೋಡು. ಅಪ್ಪನಿಗೆ ಚೆಂಡೇ ಬೇಡ, ಇನ್ನು ವಾಚಾ?"

ಹರಾಜು ಮುಗಿಯುವುದು ಭಾನುವಾರ ಸಂಜೆ. ಅದನ್ನು ಓದಿ ಹೇಳುತ್ತಿದ್ದಾಗ ಕುರ್ಚಿಯಲ್ಲಿದ್ದ ಇವರು ಎಡಗೈ ಎತ್ತಿ ಗೋಡೆಯ ಕ್ಯಾಲೆಂಡರ್ ತೋರಿಸಿದರು. "ರಾ... ರಾ..." ಎಂದರು. ನೀರು ಬೇಕಾ, ಫ್ಯಾನ್ ಬೇಕಾ ಎಂದು ಕೇಳಿದೆವು. ಸಿಟ್ಟಿನಿಂದ ತಲೆ ಅಲ್ಲಾಡಿಸಿ, ಮುಖವೆಲ್ಲ ಕೆಂಪು ಮಾಡಿಕೊಂಡು ಹೇಳಿಯೇಬಿಟ್ಟರು: "ರಾಹುಕಾಲ!"

ಕಾಯಿಲೆ ಬಿದ್ದ ಮೇಲೆ ಇವರು ಆಡಿದ ಅತ್ಯಂತ ಉದ್ದದ ಶಬ್ದ ಅದು. ಬೈಸಿಕೊಂಡೆನೋ, ಬಹುಮಾನ ಸಿಕ್ಕಿತೋ ತಿಳಿಯಲಿಲ್ಲ.

ನಿಜವೇ. ಭಾನುವಾರ ಸಂಜೆ ರಾಹುಕಾಲ. ಇವರ ಮನೆತನದಲ್ಲಿ ಆ ಹೊತ್ತಿಗೆ ಒಂದು ಪೊರಕೆಯನ್ನೂ ಕೊಂಡವರಿಲ್ಲ. ನಾನು ಟರ್ಮ್ಸ್ ಆಂಡ್ ಕಂಡೀಷನ್ಸ್ ಪೂರ್ತಿ ಓದಿದೆ. ಯಾರೂ ಓದದ್ದನ್ನು ಓದುವುದು ಕಾನ್ವೆಂಟಿನ ಅಭ್ಯಾಸ. ನಾವು ಎಷ್ಟರವರೆಗೆ ಹೋಗುತ್ತೇವೆಂದು ಮೊದಲೇ ಹೇಳಿಟ್ಟರೆ ಕಂಪ್ಯೂಟರ್ ನಮ್ಮ ಪರವಾಗಿ ತಾನೇ ಕೂಗುತ್ತಾ ಹೋಗುತ್ತದಂತೆ. ಭಾನುವಾರ ರಾಹುಕಾಲಕ್ಕೆ ಮುಂಚೆಯೇ ನನ್ನ ಮೊತ್ತ ಹಾಕಿ ಕೂತೆ.

"ಹಾಗಾದ್ರೆ ದೋಷ ಎಲ್ಲ ಕಂಪ್ಯೂಟರಿಗೆ," ಎಂದಳು ಮಗಳು. ಇವರ ಬಾಯಿಯ ಎಡತುದಿ ಸ್ವಲ್ಪ ನಕ್ಕಿತು.

ಮೂವರೂ ಟ್ಯಾಬ್ಲೆಟ್ಟಿನ ಸುತ್ತ ಕೂತೆವು. ಬೇರೆ ಯಾರೋ ಒಬ್ಬ ಏರಿಸುತ್ತಿದ್ದ. ಕಂಪ್ಯೂಟರ್ ನಮ್ಮ ಪರವಾಗಿ ಏರಿಸಿತು. ಅವನು ಮತ್ತೂ ಏರಿಸಿದ. ಹರಾಜು ಮುಗಿಯಲು ಇನ್ನೇನು ಸ್ವಲ್ಪವಿದೆ ಎನ್ನುವಾಗ ಕೆಂಪು ಅಕ್ಷರ ಬಂತು: "ಯು ಹ್ಯಾವ್ ಬೀನ್ ಔಟ್‌ಬಿಡ್." ನಾನು ಹೇಳಿಟ್ಟ ಮೊತ್ತ ದಾಟಿಹೋಗಿತ್ತು. ಇನ್ನು ಹಾಕುವುದಾದರೆ ನನ್ನ ಕೈಯಿಂದಲೇ ಹಾಕಬೇಕು, ನಟ್ಟನಡು ರಾಹುಕಾಲದಲ್ಲಿ.

ನಾನು ಬೆರಳು ಹಿಂದಕ್ಕೆ ತೆಗೆದುಕೊಂಡೆ. ಹೋಗಲಿ ಬಿಡಿ, ಬೇರೆ ಸಿಗ್ತದೆ ಎನ್ನಲು ಇವರ ಕಡೆ ತಿರುಗಿದೆ. ಇವರು ಪರದೆಯ ಮೇಲಿನ ಆ ಸವೆದ ವಾಚನ್ನೇ ನೋಡುತ್ತಿದ್ದರು. ಆ ನೋಟ ನಾನು ಬಹಳ ದಿನದಿಂದ ನೋಡಿರಲಿಲ್ಲ.

"ಪಾಡ್," ಎಂದರು.

ಹಾಕು ಎಂದು. ಪೂಜೆಯ ಮನೆತನದವರು, ರಾಹುಕಾಲದಲ್ಲಿ!

"ಎಂತ?" ಎಂದೆ ನಾನು, ಕೇಳಿಸಿದ್ದರೂ.

"ಪಾಡ್ ಮಾರಾಯ್ತಿ!"

ಹಾಕಿದೆ. ಪರದೆಯ ಮೇಲೆ ಬಣ್ಣದ ಕಾಗದ ಹಾರಿ "ಕಂಗ್ರಾಚುಲೇಷನ್ಸ್" ಎಂದಿತು. ನನ್ನ ಕಿವಿಯಲ್ಲಿ ಮಾತ್ರ ಇವರ ಆ "ಪಾಡ್" ಇನ್ನೂ ಉಳಿದಿತ್ತು. ಕಾಯಿಲೆಯ ನಂತರ ಇವರು ಏನನ್ನೋ ಬೇಕು ಎಂದದ್ದು ಅದೇ ಮೊದಲು.

ಡಬ್ಬಿಯಲ್ಲಿ ಕಲ್ಲಿರಲಿಲ್ಲ, ವಾಚೇ ಇತ್ತು. ಬೆಲ್ಟು ಮುಟ್ಟಿದರೆ ಪುಡಿಯಾಗುವಷ್ಟು ಹಳತಾಗಿತ್ತು, ಬಿಚ್ಚಿ ಎಸೆದೆ. "ಚರ್ಮ ಹೋಯ್ತು, ಇನ್ನು ದೇವರ ಕೋಣೆಗೂ ಎಂಟ್ರಿ ಉಂಟು," ಎಂದು ಇವರ ಅಂಗೈಯಲ್ಲಿಟ್ಟೆ. ಇವರು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಹೇಗೋ ಎತ್ತಿ ಕೀಯ ಮೇಲಿಟ್ಟರು. ಬೆರಳು ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಲಿಟಲ್ ಟೈಟ್ ಎಂದವನು ಸಜ್ಜನ. ಬಹಳವೇ ಟೈಟ್ ಇತ್ತು. ನನಗೇ ಕಷ್ಟವಾಯಿತು. ಇವರು ವಾಚನ್ನು ಗೂಡಿನಲ್ಲಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಅಯ್ಯೋ, ಇರುವ ಆಸೆಯನ್ನೂ ನಾನೇ ಕಳೆದೆನೇ ಎನಿಸಿತು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ, ಕಾವಲಿಯ ಮೇಲೆ ದೋಸೆ ಇರುವಾಗ, ಒಳಗಿನಿಂದ ಬಂತು. ಕರ್ರ್. ಕರ್ರ್.

ದೋಸೆ ಸೀದುಹೋಯಿತು. ನಾನು ಒಳಗೆ ಓಡಲಿಲ್ಲ. ನೋಡಿದರೆ ನಿಂತುಹೋದೀತೆಂಬ ಹೆದರಿಕೆ. ಮರುದಿನವೂ ಕೇಳಿಸಿತು. ವಾಚು ಓಡುತ್ತಿತ್ತು. ಆ ವಾರ ಗುರುವಾರ ಬಿಕರ್ನಕಟ್ಟೆಯ ಚರ್ಚಿಗೆ ಹೋಗಿ ಬಾಲ ಯೇಸುವಿಗೆ ಕ್ಯಾಂಡಲ್ ಹಚ್ಚಿ ಬಂದೆ. ಶಾಲೆಯ ಪರೀಕ್ಷೆಯ ಕಾಲದಿಂದ ಇರುವ ಲೆಕ್ಕ ಅದು, ನಮ್ಮ ಮನೆಯ ದೇವರಿಗೆ ಇದರ ಬಗ್ಗೆ ಏನೂ ತಕರಾರಿಲ್ಲ.

ಆದರೆ ದಿನ ಕಳೆದಂತೆ ಆ ಸದ್ದು ನನಗೆ ಸರಿಕಾಣಲಿಲ್ಲ. ಕರ್ರ್, ಕರ್ರ್, ಕರ್ರ್, ಸರಾಗ, ಒಂದೇ ಸಮ. ಚೆಂಡು ಅದುಮಲಾರದ ಕೈ ಇಷ್ಟು ಚೆನ್ನಾಗಿ ತಿರುಗಿಸುತ್ತದೆಯೇ? ಬಾಗಿಲ ಸಂದಿಯಿಂದ ಇಣುಕಿದೆ. ಇವರು ಎಡಗೈಯಿಂದ ಕೀ ಕೊಡುತ್ತಿದ್ದರು.

ಹಿಂದಕ್ಕೆ ಬಂದು ಕಾಫಿ ಸೋಸಿ ಕೊಟ್ಟೆ. ಫಿಸಿಯೋ ಹುಡುಗಿ ಬಂದಾಗ ಗೇಟಿನಲ್ಲೇ ತಡೆದು, ಕ್ಲಾಸ್ ಲೀಡರ್ ದೂರು ಹೇಳುವ ಹಾಗೆ, ಎಲ್ಲ ಹೇಳಿದೆ.

ಅವಳು ಒಳಗೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಎಂತ ಮಾಸ್ಟ್ರೇ, ಕಾಪಿ ಹೊಡೀತೀರಂತೆ?"

ಇವರು ಸಿಕ್ಕಿಬಿದ್ದ ಪೋಕರಿಯಂತೆ ಕಿಟಕಿಯ ಹೊರಗೆ ನೋಡಿದರು.

"ಇಲ್ಲ ಇಲ್ಲ, ತೋರಿಸಿ. ಹೇಗೆ ಕಾಪಿ ಹೊಡೆಯುವುದು ಅಂತ ನಾನೂ ನೋಡ್ತೇನೆ."

ಇವರು ವಾಚು ತೆಗೆದು ಎಡಗೈಯಿಂದ ತಿರುಗಿಸಿದರು. ಕರ್ರ್. ಅವಳು ಬಗ್ಗಿ ನೋಡಿದಳು. ನಗು ಮಾಯವಾಯಿತು. ಇನ್ನೂ ಹತ್ತಿರ ಬಗ್ಗಿದಳು. "ಆಂಟಿ, ಇಲ್ಲಿ ಬನ್ನಿ. ಕೀ ತಿರುಗಿಸುವ ಕೈ ಬಿಡಿ. ವಾಚು ಹಿಡಿದ ಕೈ ಯಾವುದು?"

ಬಲಗೈ. ವಾಚಿನ ಸುತ್ತ ನಾಲ್ಕು ಬೆರಳೂ ಮಡಚಿ ಕೂತಿದ್ದವು, ಹೆಬ್ಬೆರಳು ಮೇಲಿನಿಂದ ಒತ್ತಿ ಹಿಡಿದಿತ್ತು.

"ಇಷ್ಟು ಟೈಟ್ ಕೀ ತಿರುಗಿಸುವಾಗ ಈ ಕೈ ಸರಿ ಹಿಡಿಯದಿದ್ರೆ ವಾಚೇ ತಿರುಗಿ ಕೆಳಗೆ ಬೀಳ್ತಿತ್ತು," ಎಂದಳು. "ನಾನು ಚೆಂಡು ಕೊಟ್ಟು ಇಷ್ಟು ದಿನ ಬೇಡಿದ್ದು ಇದನ್ನೇ. ಮಾಸ್ಟ್ರೇ, ನೀವು ಕಾಪಿ ಹೊಡೆದೂ ಪಾಸ್ ಆದ್ರಿ!"

ಇವರು ತಮ್ಮ ಬಲಗೈಯನ್ನು ಮೊದಲ ಸಲ ನೋಡುವವರಂತೆ ನೋಡಿದರು. ವಾಚನ್ನು ಕೆಳಗಿಡಲು ಅದನ್ನು ಸಡಿಲಿಸಿದರು, ಮತ್ತೆ ಹಿಡಿದರು. ಸಡಿಲಿಸಿದರು, ಹಿಡಿದರು. ಯಾರೂ ಹೇಳಿರಲಿಲ್ಲ. ಆ ದಿನ ಚೆಂಡು ಮಂಚದಡಿಗೆ ಉರುಳಲಿಲ್ಲ.

ಆಮೇಲೆ ಕೈ ಬದಲಾಯಿಸುವ ಪಾಠ. ವಾಚು ಎಡಗೈಗೆ, ಕೀ ಬಲಗೈಗೆ. ಎಷ್ಟೋ ಬೆಳಗು ಏನೂ ಕೇಳಿಸದೆ ಕಾಫಿ ಆರಿತು. ಜಾರುತ್ತಿತ್ತು, ಬೈಗುಳ ಬರುತ್ತಿತ್ತು; ಬೈಗುಳವಾದರೂ ಬರುತ್ತದಲ್ಲ ಎಂದು ಮಗಳು ಖುಷಿಪಟ್ಟಳು. ಮಾವಿನ ಮಿಡಿ ಬರುವ ಹೊತ್ತಿಗೆ ಒಂದು ಬೆಳಗ್ಗೆ ಬಂತು. "ಕರ್." ಪೂರ್ತಿಯೂ ಅಲ್ಲ, ಅರ್ಧ. ಬಹಳ ಹೊತ್ತಿನ ಮೇಲೆ ಇನ್ನೊಂದು. ಈ ಸಲ ನಾನು ಇಣುಕಲಿಲ್ಲ. ಅಷ್ಟು ಕೆಟ್ಟದಾಗಿ ಕೀ ಕೊಡುವುದು ಬಲಗೈಗೆ ಮಾತ್ರ ಸಾಧ್ಯ.

ಅದೇ ಬೇಸಿಗೆಯಲ್ಲಿ ಹುಡುಗಿಗೆ ಗಲ್ಫಿನ ಆಸ್ಪತ್ರೆಯೊಂದರಲ್ಲಿ ಕೆಲಸವಾಯಿತು. ಅಲ್ಲಿ ಅವಳ ಅಣ್ಣನ ಅಂಗಡಿಯೂ ಇದೆಯಂತೆ. ಹೇಳಿಹೋಗಲು ಬಂದಳು. ಬ್ಯಾಗಿರಲಿಲ್ಲ, ಚೆಂಡಿರಲಿಲ್ಲ, ಒಂದು ಕಟ್ಟು ಬಾಳೆಹಣ್ಣು ತಂದಿದ್ದಳು. ಅವಳು ಕಾಫಿ ಕುಡಿದು ಲೋಟ ಕೆಳಗಿಟ್ಟಾಗ ಇವರು ಗೂಡಿಗೆ ಕೈಚಾಚಿ ವಾಚು ತೆಗೆದರು. ಹೆಬ್ಬೆರಳು, ತೋರುಬೆರಳು. ಕರ್ರ್. ಉಸಿರು ಬಿಟ್ಟು, ಇನ್ನೊಮ್ಮೆ ಕರ್ರ್. ಎತ್ತಿ ಅವಳ ಕಡೆ ಹಿಡಿದರು. ಅವಳು ಸ್ಕಾರ್ಫಿನ ಮೇಲಿಂದಲೇ ಕಿವಿಗೊಟ್ಟು ಕೇಳಿದಳು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿಲ್ಲವೆಂದು ತಿಳಿದಿರಬೇಕು.

"ಆಂಟಿ, ಇವತ್ತಿನಿಂದ ಸ್ಪೂನು ಅಡಗಿಸಿಡಿ," ಎಂದಳು. "ಮಾಸ್ಟ್ರು ಬಲಗೈಯಲ್ಲೇ ಉಣ್ಣಲಿ. ಅರ್ಧ ಚೆಲ್ಲಿದ್ರೂ ಪರವಾಗಿಲ್ಲ. ಬಾಗಿಲು ಹಾಕ್ಲಿಕ್ಕಿಲ್ಲ."

"ಬೊಡ್ಚಿ," ಎಂದರು ಇವರು. ಆದರೆ ಬಾಯಿಯ ಎರಡೂ ತುದಿ ನಗುತ್ತಿದ್ದವು.

ನಾನು ಗೇಟಿನವರೆಗೆ ಹೋದೆ. ಅವಳು ಹೆಲ್ಮೆಟ್ಟು ಹಾಕಿಕೊಂಡು ಸ್ಕೂಟರ್ ಸ್ಟಾರ್ಟ್ ಮಾಡಿ, ಒಮ್ಮೆ ತಿರುಗಿ ಮನೆಯ ಕಡೆ ನೋಡಿದಳು. ಟಾಟಾ ಮಾಡಲಿಲ್ಲ. ಕೈ ಎತ್ತಿ ಆ ಎರಡು ಬೆರಳು ಜೋಡಿಸಿ ಗಾಳಿಯಲ್ಲಿ ಒಂದು ಸಲ ತಿರುಚಿದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ. ನನ್ನ ಹಿಂದೆ ಕಿಟಕಿಯಿಂದ ಕರ್ರ್ ಎಂದು ಉತ್ತರ ಬಂತು. ಅವಳಿಗೆ ಕೇಳಿಸಿರಲಿಕ್ಕಿಲ್ಲ, ಸ್ಕೂಟರ್ ಆಗಲೇ ತಿರುವು ದಾಟುತ್ತಿತ್ತು.