ಕರೆಯದೆ ಬರಬೇಕಾದವರು

ಲೋಮ್ ಊರಿನಲ್ಲಿ ಹೆಸರಿನ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಸಂತ ಪೆತ್ಕಾಳ ದಿನ ಬಂತೆಂದರೆ ಆ ಹೆಸರಿನವರು ಅಡುಗೆ ಮಾಡಿಟ್ಟು ಕೂರಬೇಕು, ನೆನಪಿದ್ದವರು ತಾವಾಗಿಯೇ ಬರಬೇಕು. ಬಾಯಿಬಿಟ್ಟು ಕರೆದರೋ, ಮಾನ ಹೋಯಿತು.

ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಪೆತ್ಕಾನಾ, ವಯಸ್ಸು ಐವತ್ತೆಂಟು, ಈ ಸಲ ಎರಡು ತಟ್ಟೆ ತುಂಬ ಕುಂಬಳಕಾಯಿ ಹೂರಣ ತುಂಬಿದ ಪದರು ರೊಟ್ಟಿ, ಬಾನಿತ್ಸಾ, ಬೇಯಿಸಿದಳು. ಆರು ಲೋಟ ಒರೆಸಿಟ್ಟಳು. ಬಾಗಿಲಿನ ಸರಪಳಿ ತೆಗೆದಳು. ಈ ಮನೆಗೆ ಬಂದ ಏಳು ವರ್ಷದಲ್ಲಿ ಇದೇ ಮೊದಲು.

ಅವಳ ಗಂಡ ಮ್ಲಾದೆನ್ ಜೇಬಿನಲ್ಲಿ ಬೀಗದ ಕೈ ಇದ್ದರೂ ಕರೆಗಂಟೆಯನ್ನೇ ಒತ್ತುತ್ತಿದ್ದ. ಮೂರನೆಯ ಸಲದೊಳಗೆ ಬಾಗಿಲು ತೆರೆಯದಿದ್ದರೆ ಆವತ್ತು ಅವಳ ಕಥೆ ಮುಗಿಯಿತು. ಇಪ್ಪತ್ತೆರಡು ವರ್ಷ ಹೀಗೇ. ಈಗ ಜರ್ಮನಿಯಲ್ಲೆಲ್ಲೋ ಇದ್ದಾನಂತೆ, ಹಾಳಾಗಿ ಹೋಗಲಿ. ಹೊಡೆತ ನಿಂತರೆ ಎಲ್ಲ ಸರಿಹೋಯಿತು ಎಂದು ಊರಿನವರು ತಿಳಿಯುತ್ತಾರೆ. ಅಯ್ಯೋ, ಹಾಗೆ ಸರಿಹೋಗುವಂತಿದ್ದರೆ! ಅವನನ್ನು ಬಿಟ್ಟು ಈ ಮನೆಗೆ ಬಂದ ಮೊದಲ ವಾರ ಪಕ್ಕದವರು ಒಂದು ಬಟ್ಟಲು ಪ್ಲಮ್ ಹಣ್ಣು ಕೊಡಲು ಗಂಟೆ ಒತ್ತಿದ್ದಕ್ಕೆ ಪೆತ್ಕಾನಾ ಸಂಜೆಯವರೆಗೆ ಬಚ್ಚಲಿನ ಚಿಲಕ ಹಾಕಿಕೊಂಡು ಕೂತಿದ್ದಳು. ಪಕ್ಕದವರು ಮತ್ತೆ ಬರಲಿಲ್ಲ.

ಇಂಥ ಹೆಂಗಸರಿಗೆಂದೇ ಇದ್ದ ಆಸರೆ ಕೇಂದ್ರದ ರಾದೊಸ್ತೀನಾ ಅದನ್ನು ಕೇಳಿ, ಮೊದಲೇ ಫೋನ್ ಮಾಡದೆ ಪೆತ್ಕಾನಾಳ ಮನೆಗೆ ಯಾರೂ ಹೋಗಕೂಡದು, ಗಂಟೆ ಒತ್ತಕೂಡದು ಎಂದು ಫೈಲಿನಲ್ಲಿ ಬರೆದಳು. ಗುರುವಾರಗಳಂದು ಅಲ್ಲಿ ಸೇರುವ ನಾಲ್ವರು ಗೆಳತಿಯರು ಅದನ್ನು ವ್ರತದಂತೆ ಪಾಲಿಸಿಕೊಂಡು ಬಂದರು. ಆದರೆ ಕಳೆದ ತಿಂಗಳಿಡೀ ಪೆತ್ಕಾನಾ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದಳು. ದಿನಾ ಮಧ್ಯಾಹ್ನ ತನ್ನದೇ ಬಾಗಿಲ ಹೊರಗೆ ನಿಂತು ತನ್ನದೇ ಗಂಟೆ ಒತ್ತುತ್ತಿದ್ದಳು. ಮೊದಮೊದಲು ಒತ್ತಿದ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ, ಇದೇನು ಹುಚ್ಚು ಎಂದು ನಗುವೇ ಬಂತು. ಯಾರಾದರೂ ಒಬ್ಬರು ಬಂದು ಒತ್ತಲಿ, ನಾನು ಹೋಗಿ ತೆರೆಯುತ್ತೇನೆ: ಇಷ್ಟೇ ಅವಳ ಆಸೆ.

ಹತ್ತು ಗಂಟೆಯಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮೇಲಿನ ಮಹಡಿಯ ಪೆಂಕಾಳಿಗೂ ಅದೇ ಸಂತಳ ಹಬ್ಬ. ಮೆಟ್ಟಿಲಲ್ಲಿ ಕೇಳಿಸಿದ ಹೆಜ್ಜೆಗಳೆಲ್ಲ ಪೆತ್ಕಾನಾಳ ಬಾಗಿಲು ದಾಟಿ ಮೇಲಕ್ಕೇ ಹೋದವು. ಎರಡು ಸಲ ಅವಳೇ ಎದ್ದು ತನ್ನ ಗಂಟೆ ಕೆಟ್ಟಿದೆಯೋ ಏನೋ ಎಂದು ಒತ್ತಿ ನೋಡಿ ಬಂದಳು. ಕೆಟ್ಟಿರಲಿಲ್ಲ. ಬಾನಿತ್ಸಾ ಆರಿ ತಣ್ಣಗಾಯಿತು.

ಸಂಜೆ ಆರಕ್ಕೆ ಫೋನ್ ಬಂತು. ರಾದೊಸ್ತೀನಾ.

"ಪೆತ್ಕಾನಕ್ಕಾ, ನೂರು ವರ್ಷ ಬಾಳು. ಎಲ್ಲರೂ ಇಲ್ಲೇ ಕೇಂದ್ರದಲ್ಲಿ ಕೂತು ನಿನ್ನ ಹೆಸರಲ್ಲಿ ಒಂದೊಂದು ಗುಟುಕು ರಾಕಿಯಾ ಹಾಕಿದ್ವಿ. ಬರೋಣ ಅಂತಿದ್ವಿ. ಹೇಳದೆ ಬಂದ್ರೆ ನಿನಗೆ ಗಾಬರಿ. ಬರ್ತೀವಿ ಅಂತ ಫೋನ್ ಮಾಡಿದ್ರೆ, ನಿನ್ನ ಬಾಯಿಂದ್ಲೇ ಕರೆಸಿಕೊಂಡ ಹಾಗಾಗುತ್ತೆ, ಹಬ್ಬದ ದಿನ. ಅದಕ್ಕೇ ಸುಮ್ಮನಾದ್ವಿ."

ತಪ್ಪು ಯಾರದು ಹೇಳಿ? ಎಲ್ಲರೂ ಒಳ್ಳೆಯವರೇ. 'ಬನ್ನಿ' ಎನ್ನುವ ಒಂದು ಮಾತು ಪೆತ್ಕಾನಾಳ ಗಂಟಲವರೆಗೆ ಬಂದು ನಿಂತಿತು. ಅದನ್ನು ನುಂಗಿಕೊಂಡಳು.

"ಗಂಟೆ ಒತ್ತಬಾರದು ಅಂತ ಫೈಲಲ್ಲಿ ಬರೆದಿದ್ದೀಯಲ್ಲ, ಅದನ್ನ ಹೊಡೆದುಹಾಕು."

ರಾದೊಸ್ತೀನಾಳ ದನಿ ಒಡೆಯಿತು. "ಅಕ್ಕಾ, ಈಗ್ಲೇ ಹೊರಟು ಬರ್ತೀವಿ."

"ಬೇಡ ಕಣೇ. ಈಗ ಬಂದ್ರೆ ನಾನೇ ಕರೆದ ಹಾಗೆ. ಇನ್ಯಾವತ್ತಾದ್ರೂ ಬನ್ನಿ. ಯಾವಾಗ ಅಂತ ನಂಗೆ ಹೇಳ್ಬೇಡಿ."

ಫೋನ್ ಇಟ್ಟಳು. ಮೇಲಿನಿಂದ ಪೆಂಕಾಳ ಮನೆಯವರ ಹಾಡು ಕೇಳಿಸುತ್ತಿತ್ತು. ಒಂದು ತುಂಡು ಬಾನಿತ್ಸಾ ಕೊಯ್ದು ತಟ್ಟೆಗೆ ಹಾಕಿಕೊಂಡಳು, ತಿನ್ನಲಾಗಲಿಲ್ಲ. ಇಪ್ಪತ್ತೆರಡು ವರ್ಷ, ಅವನು ಬಂದನಲ್ಲಾ ಎಂದು ಅತ್ತಿದ್ದವಳು ಆವತ್ತು, ಯಾರೂ ಬರಲಿಲ್ಲವಲ್ಲಾ ಎಂದು ಅತ್ತಳು.