ಕಣ್ಣು ಮುಚ್ಚುವ ಹೆಂಡತಿಗೊಂದು ಕ್ಯಾಮೆರಾ

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಇಬ್ಬರೇ, ಒಬ್ಬ ಅಂಚೆಯವನು, ಇನ್ನೊಬ್ಬಳು ಹೆಂಡತಿ. ಉಳಿದವರಿಗೆಲ್ಲ ಅವನು ಮೂರಪ್ಪ. ಮೂವತ್ತು ವರ್ಷಗಳಿಂದ ಒಂದೇ ಸ್ಟುಡಿಯೋದಲ್ಲಿ, ಒಂದೇ ಸ್ಟೂಲಿನ ಮೇಲೆ ಊರವರನ್ನೆಲ್ಲ ಕೂರಿಸಿ, “ಒಂದು, ಎರಡು” ಎಂದು ರಾಗವಾಗಿ ಎಳೆದು, “ಮೂರು” ಎಂದು ಗುಡುಗಿ ಗುಂಡಿ ಒತ್ತುತ್ತಿದ್ದುದಕ್ಕೆ ಬಂದ ಬಿರುದು ಅದು. ಮೊದಮೊದಲು ಅವನಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅಂಗಡಿಯ ಬೋರ್ಡಿನ ಮೂಲೆಯಲ್ಲಿ ತಾನೇ ಬರೆಸಿಕೊಂಡ.

ಸ್ಟುಡಿಯೋ ಅಂದರೆ ಉದ್ದನೆಯ ಒಂದು ಕೋಣೆ. ಹಿಂದೆ ನೀಲಿ ಪರದೆ, ಮುಂದೆ ಕನ್ನಡಿ, ಕನ್ನಡಿಯ ಪಕ್ಕದಲ್ಲಿ ಮೊಳೆಗೆ ದಾರ ಕಟ್ಟಿ ತೂಗುಬಿಟ್ಟ ಬಾಚಣಿಗೆ. ಕಪ್ಪು ಕೋಟು ಒಂದೇ ಇತ್ತು. ತೆಳ್ಳಗಿನವರಿಗೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ಪು ಹಾಕಿ ಬಿಗಿ ಮಾಡುತ್ತಿದ್ದ, ದಪ್ಪಗಿನವರಿಗೆ ಬೆನ್ನ ಹೊಲಿಗೆಯನ್ನೇ ಬಿಚ್ಚಿಟ್ಟಿದ್ದ. ಮುಂದಿನಿಂದ ನೋಡಿದರೆ ಇಬ್ಬರೂ ಮ್ಯಾನೇಜರುಗಳೇ. ಗಿರಾಕಿಗಳು ಬಾಯಿ ತೆರೆಯುವ ಮೊದಲೇ ಅವರಿಗೆ ಎಷ್ಟು ಪ್ರತಿ ಬೇಕು, ಯಾವ ಕಚೇರಿಗೆ ಬೇಕು, ಅಲ್ಲಿನ ಗುಮಾಸ್ತ ಎಂಥವನು ಎಂಬುದನ್ನೆಲ್ಲ ಇವನೇ ಹೇಳಿ ಮುಗಿಸುತ್ತಿದ್ದ. ಬಾಯಿಗೆ ಬೀಗ ಎಂಬ ವಸ್ತುವನ್ನು ದೇವರು ಇವನ ಪಾಲಿಗೆ ಕಳಿಸುವುದನ್ನೇ ಮರೆತಿದ್ದ.

ಅಂಥ ಮೂರಪ್ಪನಿಗೆ ತಲೆ ಎತ್ತಿ ಹೇಳಿಕೊಳ್ಳಲಾಗದ ಸಂಗತಿ ಒಂದೇ. ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ಹೆಂಡತಿಯ ಕಣ್ಣು ತೆರೆದ ಫೋಟೋ ಒಂದೂ ಅವನ ಹತ್ತಿರ ಇರಲಿಲ್ಲ. ಮದುವೆಯ ಫೋಟೋವನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಬಾರದೆ, ಕ್ಯಾಮೆರಾಕ್ಕೆ ಟೈಮರ್ ಇಟ್ಟು, ಓಡಿ ಬಂದು ಅವಳ ಪಕ್ಕ ನಿಂತು ತಾನೇ ಎಣಿಸಿದ್ದ. ಅದರಲ್ಲಿ ಅವನು ಗೆದ್ದವನ ಹಾಗೆ ನಗುತ್ತಿದ್ದಾನೆ, ಅವಳು ನಿಂತಲ್ಲೇ ನಿದ್ದೆ ಹೋಗಿದ್ದಾಳೆ. ಅಲ್ಲಿಂದ ಮುಂದಕ್ಕೆ ಸಮುದ್ರದ ಮುಂದೆ ನಿದ್ದೆ, ಬೆಟ್ಟದ ಮೇಲೆ ನಿದ್ದೆ, ಹಸುಗೂಸು ಮಗಳನ್ನು ಎತ್ತಿಕೊಂಡು ಇಬ್ಬರೂ ನಿದ್ದೆ. ತಮಾಷೆ ಅಂದರೆ ಅವಳಿಗೆ ಕೆಲಸ ಕನ್ನಡಕದ ಅಂಗಡಿಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಮಂದಿಯ ಗಲ್ಲ ಹಿಡಿದು, ಕಣ್ಣು ಮಿಟುಕಿಸಬೇಡಿ ಎಂದು ಹೇಳುವುದೇ ಅವಳ ಉದ್ಯೋಗ.

ಇಷ್ಟು ದಿನ ಅದೊಂದು ನಗುವ ವಿಷಯವಾಗಿತ್ತು. ಆದರೆ ಈ ವರ್ಷ ಹೊರದೇಶದಲ್ಲಿದ್ದ ಅವಳ ಅಕ್ಕ ಫೋನು ಮಾಡಿ, ತಾನು ಮದುವೆಯಾಗುವುದಾಗಿ ಹೇಳಿದಳು. ಅಕ್ಕನಿಗೆ ಅರವತ್ತೊಂದು. ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ವರ ಅಲ್ಲೇ ಅವಳ ಪಕ್ಕದ ಬೀದಿಯಲ್ಲಿ ಪಿಯಾನೋ ರಿಪೇರಿ ಮಾಡುವವನು. ತಂಗಿ ಬಂದು ಪಕ್ಕದಲ್ಲಿ ನಿಲ್ಲದಿದ್ದರೆ ರಿಜಿಸ್ಟರಿನಲ್ಲಿ ಸಹಿ ಹಾಕುವುದಿಲ್ಲ ಎಂದು ಅಕ್ಕ ಹಟ ಹಿಡಿದಿದ್ದಳು. ಫೋನು ಇಟ್ಟ ಹೆಂಡತಿಯ ಮುಖ ನೋಡಿದವನೇ ಮೂರಪ್ಪ, ಇದು ಶಾಲೆಗಳ ಗುರುತಿನ ಚೀಟಿಯ ಕಾಲ, ಸ್ಟುಡಿಯೋ ಬಾಗಿಲು ಹಾಕಲಾಗುವುದಿಲ್ಲ, ನೀನು ಹೋಗಿ ಬಾ ಎಂದುಬಿಟ್ಟ. ಅವಳು ಪಾಸ್‌ಪೋರ್ಟಿನ ಅರ್ಜಿ ತುಂಬಲು ಕೂತಳು.

ಮೂರಪ್ಪ ತೆಗೆದ ಫೋಟೋ ಅಂಟಿಸಿದ ಅರ್ಜಿ ಹಿಂದೆ ಬಂತು. ಕಾರಣ: ಕಣ್ಣು ಮುಚ್ಚಿದೆ. ಗಂಡನಿಗೆ ಹೇಳದೆ ಅವಳು ಬಸ್ ನಿಲ್ದಾಣದ ಫೋಟೋ ಪೆಟ್ಟಿಗೆಯೊಳಗೆ ಹೋಗಿ ಕೂತಳು. ಅಲ್ಲಿ ಯಾವುದೋ ಹೆಣ್ಣುದನಿ ಒಂದರಿಂದ ಮೂರರವರೆಗೆ ಎಣಿಸಿ ನಾಲ್ಕು ಫೋಟೋ ಉದುರಿಸಿತು, ನಾಲ್ಕರಲ್ಲೂ ಕಣ್ಣು ಮುಚ್ಚಿತ್ತು. ಅದರಲ್ಲೇ ಸ್ವಲ್ಪ ಎಚ್ಚರವಾಗಿದ್ದಂತೆ ಕಾಣುವುದನ್ನು ಆರಿಸಿ ಕಳಿಸಿದಳು, ಅದೂ ಹಿಂದೆ ಬಂತು. ವಿಷಯ ತಿಳಿದಾಗ ಮೂರಪ್ಪನಿಗೆ ಒಳಗೊಳಗೇ ಖುಷಿಯಾಯಿತು, ಆ ಯಂತ್ರದ ಕೈಯಲ್ಲೂ ಆಗಲಿಲ್ಲವಲ್ಲ ಎಂದು. ಆದರೆ ಮುಂದಿನ ಶುಕ್ರವಾರದೊಳಗೆ ಅರ್ಜಿ ಹೋಗದಿದ್ದರೆ ಮದುವೆಗೆ ಮುಂಚೆ ಪಾಸ್‌ಪೋರ್ಟ್ ಕೈಗೆ ಬರುವ ಹಾಗಿರಲಿಲ್ಲ. ಹೆಂಡತಿ ಅವತ್ತು ತಟ್ಟೆ ತೊಳೆಯುತ್ತಾ, ತಿರುಗಿಯೂ ನೋಡದೆ ಹೇಳಿದಳು: “ನಿಮ್ಮ ಕೈಲಾಗಲ್ಲ ಅಂದ್ರೆ ಹೇಳ್ಬಿಡಿ. ಮುಂದಿನ ಬೀದಿ ಗಡ್ಡದವನ ಸ್ಟುಡಿಯೋಗೆ ಹೋಗ್ತೀನಿ.”

ಮೂರಪ್ಪ ಕೂತಲ್ಲಿಂದ ಎದ್ದೇಬಿಟ್ಟ. ತನ್ನ ಹೆಂಡತಿ ಗಡ್ಡದವನ ಸ್ಟೂಲಿನ ಮೇಲೆ ಕೂತರೆ ತಾನು ಈ ಬೀದಿಯಲ್ಲಿ ಮುಖ ಎತ್ತಿ ಓಡಾಡುವುದುಂಟೆ? ಸಾಲದ್ದಕ್ಕೆ ಸೋಮವಾರ ಹಳೆಯ ಕ್ಯಾಮೆರಾ ಕೈಕೊಟ್ಟಿತು. ಕ್ಲಾಕ್ ಎಂದು ಬಡಿಯಬೇಕಾದದ್ದು ಕ್ಲಾ ಎಂದು ನಿಂತಿತು.

ಹೀಗೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಾಗ ಅವನಿಗೆ ನೆನಪಾದವಳು ತಂಗಿಯ ಮಗಳು. ಈ ಸೊಸೆ ಕ್ಯಾಮೆರಾ ಮಾಡುವ ಕಂಪನಿಯೊಂದರ ವಿನ್ಯಾಸ ವಿಭಾಗದಲ್ಲಿದ್ದಳು. ಕ್ಯಾಮೆರಾದ ಹೊಟ್ಟೆಯೊಳಗಿನದಲ್ಲ, ಅದು ಕೈಯಲ್ಲಿ ಹೇಗೆ ಕೂರಬೇಕು, ಗುಂಡಿ ಎಲ್ಲಿರಬೇಕು ಎಂಬುದು ಅವಳ ಕೆಲಸ. ಮಂಗಳವಾರ ಅವಳು ಮೂರು ಕ್ಯಾಮೆರಾ, ಒಂದು ಉದ್ದನೆಯ ಪ್ರಶ್ನೆಪತ್ರಿಕೆ ಹಿಡಿದು ಬಂದಳು. ಮುಂದಿನ ಕ್ಯಾಮೆರಾದಲ್ಲಿ ಏನಿರಬೇಕು, ಏನಿರಬಾರದು ಎಂದು ಕಸುಬಿನವರನ್ನು ಕೇಳಿ ತುಂಬಿಸಬೇಕಿತ್ತು. ಮಾವನನ್ನು ಒಂದು ಪ್ರಶ್ನೆ ಕೇಳಿದರೆ ಹತ್ತು ಉತ್ತರ ಸಿಗುವುದು ಅವಳಿಗೂ ಗೊತ್ತಿತ್ತು.

ಮೂರಪ್ಪ ಕ್ಯಾಮೆರಾ ಆರಿಸುವ ರೀತಿಯೇ ಬೇರೆ. ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಕೈಯಲ್ಲಿ ಹಿಡಿದ. ಹುಡುಕದೆ ಬೆರಳು ಗುಂಡಿಯ ಮೇಲೆ ಹೋಗಿ ಕೂರಬೇಕು, ಇಲ್ಲದಿದ್ದರೆ ಅದು ಕ್ಯಾಮೆರಾ ಅಲ್ಲ. ಆಮೇಲೆ ಮಣಿಕಟ್ಟಿನ ಮೇಲೆ ಭಾರ ತೂಗಿದ. ಕೊನೆಗೆ ಕಲ್ಲಂಗಡಿ ತಟ್ಟಿ ನೋಡುವವರ ಹಾಗೆ ಕಿವಿಯ ಹತ್ತಿರ ಹಿಡಿದು ಒತ್ತಿ ಸದ್ದು ಕೇಳಿದ. ಮೊದಲನೆಯದು ಒಳಗೆ ಕನ್ನಡಿಯಿರುವ ದೊಡ್ಡ ಕ್ಯಾಮೆರಾ. ಅದು ಕ್ಲಾಕ್ ಎಂದಿತು. ಅವನ ಮುಖ ಅರಳಿತು.

ಎರಡನೆಯದು ಹಗುರ, ಒಳಗೆ ಕನ್ನಡಿ ಇಲ್ಲ. ಒತ್ತಿದರೆ ಸದ್ದೇ ಇಲ್ಲ. ಸೊಸೆ ತೆಗೀತು ಎಂದಳು. ಮಾವ ಯಾವಾಗ ಎಂದ. ಅಷ್ಟರಲ್ಲಿ ಬ್ಯಾಂಕಿನ ಕಾವಲುಗಾರ ಫೋಟೋಕ್ಕೆ ಬಂದ, ಅವನನ್ನು ಕೂರಿಸಿ ಅದರಲ್ಲೇ ತೆಗೆದರು. ಸದ್ದು ಕೇಳಿಸದ್ದರಿಂದ ಆ ಪುಣ್ಯಾತ್ಮ ಉಸಿರು ಬಿಗಿಹಿಡಿದು ಕೂತೇ ಇದ್ದ. ಚಿತ್ರ ಅಚ್ಚಾಗಿ, ಕತ್ತರಿಸಿ, ಲಕೋಟೆಗೆ ಹಾಕಿ ತಿರುಗಿ ನೋಡಿದರೆ ಇನ್ನೂ ಎದೆಯುಬ್ಬಿಸಿಕೊಂಡು ಕಾಯುತ್ತಿದ್ದ, ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಬೇಕಿದ್ದರೆ ಕ್ಯಾಮೆರಾದ ಸ್ಪೀಕರಿನಿಂದ ಸುಳ್ಳು ಸದ್ದು ಹೊರಡಿಸಬಹುದು ಎಂದು ಸೊಸೆ ಹೇಳಿದಾಗ, ಕಟ್ಟಿಸಿಕೊಂಡ ಹಲ್ಲಿನಿಂದ ನಗುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ವಾಸಿ ಎಂದು ಮೂರಪ್ಪ ಮೂಗು ಮುರಿದ.

ಮೂರನೆಯದನ್ನು ಸೊಸೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಅದು ಇನ್ನೂ ಅಂಗಡಿಗೆ ಬಾರದ, ಪರೀಕ್ಷೆಗೆಂದು ಮಾಡಿದ ಕ್ಯಾಮೆರಾ. ನೋಡಲು ಅರ್ಧ ತೇಯ್ದ ಸೋಪಿನ ಹಾಗೆ. ಗುಂಡಿ ಇಲ್ಲ, ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ. ಅಂಗೈಯಲ್ಲಿ ಸ್ವಲ್ಪ ಅದುಮಿದರೆ ಸಾಕು, ಉಳಿದದ್ದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಎಲ್ಲ ಅದೇ ನೋಡಿಕೊಂಡರೆ ತಾನೇನು ಲೈಟು ಒರೆಸುತ್ತಾ ಕೂರಬೇಕೆ ಎಂದು ಮೂರಪ್ಪ ಕೇಳಿದ. ಅದು ಪ್ರಶ್ನೆಪತ್ರಿಕೆಯ ಹನ್ನೊಂದನೆಯ ಪ್ರಶ್ನೆ ಎಂದು ಸೊಸೆ ಬರೆದುಕೊಂಡಳು.

ಬುಧವಾರ ಸಂಜೆ ಹೆಂಡತಿ ಕೆಲಸ ಮುಗಿಸಿ ನೇರ ಸ್ಟುಡಿಯೋಗೆ ಬಂದು ಸ್ಟೂಲಿನ ಮೇಲೆ ಕೂತಳು. ದೊಡ್ಡ ಕ್ಯಾಮೆರಾದಲ್ಲಿ ಇಪ್ಪತ್ತು ಸಲ ಎಣಿಸಿದ, ಇಪ್ಪತ್ತು ಸಲವೂ ಕಣ್ಣು ಮುಚ್ಚಿತ್ತು. ಕ್ಲಾಕ್ ಸದ್ದಿಗೇ ಬೆಚ್ಚುತ್ತಿರಬೇಕು ಎಂದುಕೊಂಡು ಸದ್ದಿಲ್ಲದ ಕ್ಯಾಮೆರಾ ಹಿಡಿದ. ಅದರಲ್ಲೂ ಅದೇ ಕಥೆ. ಬೇರೆ ದಾರಿ ಕಾಣದೆ ಸೋಪಿನ ತುಂಡನ್ನು ಕೈಗೆತ್ತಿಕೊಂಡು, ಎಣಿಸಿ, ಅದುಮಿದ. ಕಂಪ್ಯೂಟರಿನ ಪರದೆಯ ಮೇಲೆ ಹೆಂಡತಿ ಎರಡೂ ಕಣ್ಣು ತೆರೆದು, ಹೊಳೆಹೊಳೆಯುತ್ತಾ ಅವನನ್ನೇ ನೋಡುತ್ತಿದ್ದಳು. ಮೂರಪ್ಪ ಖುಷಿಗೆ ಕುಣಿಯುವುದೊಂದು ಬಾಕಿ.

ಹೆಂಡತಿ ಮಾತ್ರ ಕುಣಿಯಲಿಲ್ಲ. ಕನ್ನಡಕ ಹಾಕಿಕೊಂಡು, ಗಿರಾಕಿಗಳ ಕಣ್ಣು ನೋಡುವ ಹಾಗೆ ಆ ಚಿತ್ರವನ್ನು ಹತ್ತಿರದಿಂದ ನೋಡಿದಳು.

“ಇವು ನನ್ನ ಕಣ್ಣಲ್ಲ,” ಎಂದಳು. “ನನ್ನ ಎಡಗಡೆ ರೆಪ್ಪೆ ಸ್ವಲ್ಪ ಇಳಿದಿದೆ. ಬಲಗಣ್ಣಲ್ಲಿ ಒಂದು ಕಂದು ಚುಕ್ಕೆ ಇದೆ. ಇದು ಯಾರೋ ಇಪ್ಪತ್ತರ ಹುಡುಗಿ ಕಣ್ಣು.”

ಸೊಸೆ ತಲೆ ತಗ್ಗಿಸಿ ಒಪ್ಪಿಕೊಂಡಳು. ಕಣ್ಣು ಮುಚ್ಚಿದೆಯೆಂದು ಗೊತ್ತಾದರೆ ಆ ಕ್ಯಾಮೆರಾ ತಾನೇ ಕಣ್ಣು ಬರೆದುಬಿಡುತ್ತದೆ. ಹಾಗೆ ಬರೆಯಬೇಕೋ ಬಾರದೋ ಎಂದು ಕಂಪನಿಯಲ್ಲೇ ಜಗಳ ನಡೆದಿತ್ತು. ಮೂರಪ್ಪ ಮೂವತ್ತು ವರ್ಷ ಊರಿನ ಮೊಡವೆಗಳನ್ನೆಲ್ಲ ಅಳಿಸಿದ ಕೈ. ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದ, ಹೆಂಡತಿಯ ಮುಖ ನೋಡಿ ಮುಚ್ಚಿದ. ಮೊಡವೆ ತೆಗೆಯುವುದು ಬೇರೆ, ಕಣ್ಣನ್ನೇ ಬದಲಿಸುವುದು ಬೇರೆ ಎಂದು ಅವನಿಗೂ ಅನಿಸಿತು. ಇಂಥ ಮುಖ ಹೊತ್ತುಕೊಂಡು ಹೋದರೆ ಅಕ್ಕ ಬಾಗಿಲಲ್ಲೇ ನಿಲ್ಲಿಸಿ ಯಾರು ಬೇಕಿತ್ತು ಅಂತ ಕೇಳುತ್ತಾಳೆ ಎಂದು ಹೆಂಡತಿ ಬ್ಯಾಗು ಎತ್ತಿಕೊಂಡು ಮನೆಗೆ ನಡೆದಳು. ನಾಳೆ ಒಂದೇ ದಿನ ನೋಡುತ್ತೇನೆ, ಆಮೇಲೆ ಗಡ್ಡದವನೇ ಗತಿ ಎಂದು ಬಾಗಿಲಲ್ಲಿ ಹೇಳಿಯೇ ಹೋದಳು.

ಗುರುವಾರ ಬೆಳಿಗ್ಗೆ ಮೂರಪ್ಪ ಬರುವ ಹೊತ್ತಿಗೆ ಸೊಸೆ ಕಂಪ್ಯೂಟರಿನ ಮುಂದೆ ಕೂತು ಕಿಸಕಿಸ ನಗುತ್ತಿದ್ದಳು. ಸದ್ದಿಲ್ಲದ ಕ್ಯಾಮೆರಾಕ್ಕೆ ಒಂದು ವಿದ್ಯೆ ಗೊತ್ತಿತ್ತು. ನಾವು ಗುಂಡಿ ಒತ್ತುವುದಕ್ಕೆ ಒಂದು ಸೆಕೆಂಡು ಮುಂಚಿನಿಂದಲೇ ಅದು ಸಾಲಾಗಿ ಚಿತ್ರ ತೆಗೆದು ಇಟ್ಟುಕೊಳ್ಳುತ್ತಿತ್ತು, ಕೇಳಿದ ಸದ್ದನ್ನೂ ಹಿಡಿದಿಡುತ್ತಿತ್ತು. ಸೊಸೆ ಆ ಚಿತ್ರಗಳನ್ನು ಒಂದೊಂದಾಗಿ ಓಡಿಸಿದಳು. ಅತ್ತೆಯ ಕಣ್ಣು ಪೂರ್ತಿ ತೆರೆದಿದೆ. ಇನ್ನೂ ತೆರೆದಿದೆ. ಸ್ಪೀಕರಿನಿಂದ “ಮೂರು” ಎಂಬ ಗುಡುಗು ಹೊರಬಿದ್ದದ್ದೇ ತಡ, ರೆಪ್ಪೆಗಳೆರಡೂ ಅಂಗಡಿ ಬಾಗಿಲಿನ ಹಾಗೆ ಕೆಳಗಿಳಿದವು. ಮತ್ತೊಂದು ಸಾಲು ಓಡಿಸಿದಳು, ಅಲ್ಲೂ ಹಾಗೆಯೇ.

“ಮಾವ, ಕ್ಯಾಮೆರಾದಲ್ಲೂ ದೋಷ ಇಲ್ಲ, ಅತ್ತೆ ಕಣ್ಣಲ್ಲೂ ಇಲ್ಲ,” ಎಂದಳು.

ಮೂರಪ್ಪ ಮತ್ತೆ ಯಾವುದರಲ್ಲಿ ಎಂದು ಕೇಳಿದ. ಸೊಸೆ ಅವನ ಬಾಯಿಯ ಕಡೆ ಬೆರಳು ತೋರಿಸಿದಳು.

ಸಂಜೆ ವಿಷಯ ಕೇಳಿದ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಪ್ಪತ್ತೇಳು ವರ್ಷ ಅವಳ ರೆಪ್ಪೆಗೆ ಬಂದ ಅಪವಾದ ಅರ್ಧ ದಿನದಲ್ಲಿ ಕಳೆದಿತ್ತು. ಗುಂಡಿ ಒತ್ತುವುದಕ್ಕೆ ಮುಂಚಿನ ಆ ಚಿತ್ರಗಳಲ್ಲೇ ಒಂದನ್ನು ಕಳಿಸೋಣವೆಂದರೆ, ಅವುಗಳಲ್ಲಿ ಕಣ್ಣೇನೋ ತೆರೆದಿತ್ತು, ಆದರೆ ಮುಖ ಇಂಜೆಕ್ಷನ್ನಿಗೆ ತೋಳು ಚಾಚಿ ಕೂತವಳ ಮುಖ. ಎಣಿಸದೆಯೇ ತೆಗೆಯಬೇಕಿತ್ತು. ಮೂರಪ್ಪ ತುಟಿ ಬಿಗಿದುಕೊಂಡು ಕ್ಯಾಮೆರಾದ ಹಿಂದೆ ನಿಂತ. ದನಿ ಹೊರಡಲಿಲ್ಲ ನಿಜ, ಆದರೆ ಗಲ್ಲ ಒಂದು ಸಲ, ಎರಡು ಸಲ ಮೇಲೆ ಕೆಳಗೆ ಆಡಿತು, ಮೂರನೆಯ ಸಲಕ್ಕೆ ಅವಳು ಕಣ್ಣು ಮುಚ್ಚಿದಳು. ಪ್ರಶ್ನೆಪತ್ರಿಕೆಯ ಕೊನೆಯಲ್ಲಿ, ಮುಂದಿನ ಕ್ಯಾಮೆರಾದಲ್ಲಿ ಏನಿರಬೇಕು ಎಂಬಲ್ಲಿ, ಫೋಟೋ ತೆಗೆಯುವವನ ಬಾಯಿಗೊಂದು ಮುಚ್ಚಳ ಎಂದು ಅವನೇ ಬರೆದ.

ಸೊಸೆ ಸದ್ದಿಲ್ಲದ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಹಾಕಿ, ತಂತಿಯ ತುದಿಯ ಗುಂಡಿಯನ್ನು ಮಾವನ ಕೈಗೆ ಕೊಟ್ಟಳು. ಹಿಂದೆ ನಿಲ್ಲಬೇಡಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ, ನಾನು ಕಾಫಿ ಕುಡಿದು ಬರುತ್ತೇನೆ ಎಂದು ಹೊರಗೆ ಹೋದಳು.

ಮೂರಪ್ಪ ಕೂತ. ಏನೂ ಮಾತಾಡದೆ, ಮುಖಕ್ಕೆ ಏನೂ ಅಡ್ಡ ಹಿಡಿಯದೆ, ಹೆಂಡತಿಯ ಎದುರು ಹೀಗೆ ಕೂತದ್ದು ಅವನಿಗೆ ನೆನಪೇ ಇರಲಿಲ್ಲ. ಎಡ ರೆಪ್ಪೆ ಇಳಿದದ್ದು ಈಗ ಅವನಿಗೂ ಕಂಡಿತು. ಕಂದು ಚುಕ್ಕೆಯೂ ಕಂಡಿತು. ಇಷ್ಟು ವರ್ಷ ಇದನ್ನೆಲ್ಲ ನೋಡದೆ ಏನು ನೋಡುತ್ತಿದ್ದೆ ಎಂದು ಅವನಿಗೆ ನಾಚಿಕೆಯಾಯಿತು. ನೀಲಿ ಪರದೆ ತೊಳೆಯಬೇಕು ಎಂದು ಅವಳು ಮೊದಲು ಹೇಳಿದಳು. ಆಮೇಲೆ ಅಕ್ಕನ ವಿಷಯ ಹೇಳಿದಳು. ಚಿಕ್ಕವರಿದ್ದಾಗ ಎಲ್ಲಿ ಹೋದರೂ ಅಕ್ಕನ ಬೆರಳು ಹಿಡಿದೇ ಹೋಗುತ್ತಿದ್ದುದು, ಈಗ ಅಷ್ಟು ದೂರ ಒಬ್ಬಳೇ ವಿಮಾನ ಹತ್ತುವುದನ್ನು ನೆನೆದರೆ ಕೈಕಾಲು ತಣ್ಣಗಾಗುವುದು. ಅವನ ನಾಲಿಗೆ ತುದಿಗೆ ಮೂರು ಸಮಾಧಾನ, ಎರಡು ಸಲಹೆ ಬಂದು ನಿಂತವು. ಅವನು ನುಂಗಿಕೊಂಡ. ಅವನು ಸುಮ್ಮನಿದ್ದಷ್ಟೂ ಅವಳು ಹೇಳುತ್ತಾ ಹೋದಳು, ಅವನು ಕೈಯಲ್ಲಿದ್ದ ಗುಂಡಿಯನ್ನು ಮರೆತೇಬಿಟ್ಟ.

“ನಾನು ಕೇಳೋಕೆ ಮುಂಚೆನೇ ನೀವು ಬರೋಕ್ಕಾಗಲ್ಲ ಅಂದ್ಬಿಟ್ರಿ,” ಎಂದಳು ಅವಳು. “ಅದಕ್ಕೇ ಕೇಳ್ಲೇ ಇಲ್ಲ. ಈಗ ಕೇಳ್ತಾ ಇದೀನಿ. ನನ್ನ ಜೊತೆ ಬರ್ತೀರಾ?”

ಕೇಳಿ, ಬಾಯಿ ಮುಚ್ಚಿ, ನೇರವಾಗಿ ಅವನನ್ನೇ ನೋಡುತ್ತಾ ಕಾದಳು. ಮೂವತ್ತು ವರ್ಷ ಕೆಲಸ ಮಾಡಿದ ಹೆಬ್ಬೆರಳು, ಯಜಮಾನನನ್ನು ಕೇಳದೆ ಗುಂಡಿ ಒತ್ತಿತು. ಯಾವ ಸದ್ದೂ ಆಗಲಿಲ್ಲ.

ಅವನು ಎದ್ದು ಹೋಗಿ ಚಿತ್ರ ನೋಡಿದ. ಮುಖ ನೇರ, ತುಟಿ ಮುಚ್ಚಿದೆ, ಕಣ್ಣು ಎರಡೂ ತೆರೆದಿವೆ. ಕಚೇರಿಯವರು ಕೇಳಿದ್ದೆಲ್ಲ ಅದರಲ್ಲಿತ್ತು, ಕೇಳದೇ ಇದ್ದದ್ದೂ ಇತ್ತು. ಅವಳೂ ಬಂದು ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು. ಹೌದು, ಇದು ನಾನೇ ಎಂದಳು. ಆಮೇಲೆ, ತಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬರಲಿಲ್ಲ ಎಂದಳು.

ಮೂರಪ್ಪ ತಂತಿಯ ಗುಂಡಿಯನ್ನು ಅವಳ ಕೈಗಿಟ್ಟ. ಹೋಗಿ, ಇಷ್ಟು ವರ್ಷದಲ್ಲಿ ತಾನು ಒಮ್ಮೆಯೂ ಕೂರದಿದ್ದ ಆ ಸ್ಟೂಲಿನ ಮೇಲೆ, ನೀಲಿ ಪರದೆಗೆ ಬೆನ್ನು ಮಾಡಿ ಕೂತ.

“ನಂದೂ ಒಂದು ತೆಗಿ,” ಎಂದ. “ನಾಳೆ ಎರಡು ಅರ್ಜಿನೂ ಒಟ್ಟಿಗೆ ಕೊಟ್ಟು ಬರೋಣ.”